ಅಕ್ಕನ ಮಾತ್ರೆ, ತಮ್ಮನ ಕಾಜಾ

ಕತ್ತರಿ ಅಕ್ಕನದು, ಸೂಜಿ ತಮ್ಮನದು. ಆ ಟೈಲರ್ ಅಂಗಡಿ ನಡೆಯುತ್ತಿದ್ದುದೇ ಹಾಗೆ. ಬಟ್ಟೆಯ ಮೇಲೆ ಸೀಮೆಸುಣ್ಣ ಎಳೆಯುವಾಗ ಅಕ್ಕನಿಗೆ ಎಷ್ಟು ಧೈರ್ಯವೋ, ಮಿಕ್ಕವರ ಬದುಕಿನ ವಿಷಯದಲ್ಲೂ ಅಷ್ಟೇ ಧೈರ್ಯ. ತಮ್ಮನ ಕಿಡ್ನಿಗಳು ಕೈಕೊಟ್ಟಾಗ, "ನನ್ನದೊಂದು ತಗೊಳ್ಳಿ, ಎರಡಿಟ್ಕೊಂಡು ನಾನೇನು ಬಾಡಿಗೆಗೆ ಬಿಡ್ಬೇಕಾ?" ಎಂದು ಆಸ್ಪತ್ರೆಯಲ್ಲಿ ಸೆರಗು ಸಿಕ್ಕಿಸಿ ನಿಂತವಳೂ ಅವಳೇ. ಅಂದಿನಿಂದ ತಮ್ಮ, ಆ ಕಿಡ್ನಿಯನ್ನು ಮೈ ಹೊರದಬ್ಬದಂತೆ ತಡೆಯುವ ಮಾತ್ರೆಯನ್ನು ಬೆಳಿಗ್ಗೆ ಸಂಜೆ ತಪ್ಪದೆ ನುಂಗುತ್ತಿದ್ದ.

ಆ ದಿನ ಒಬ್ಬ ಗಿರಾಕಿಯ ಕೋಟಿಗೆ ಅವನು ಹಾಕಿದ ಕಾಜಾ ನೋಡಿ ಅಕ್ಕನ ಹುಬ್ಬು ಮೇಲೇರಿತು. ಗುಂಡಿ ತೂರಿಸುವ ಆ ಸೀಳಿನ ಸುತ್ತ ಅವನ ಹೊಲಿಗೆ ಇರುವೆಸಾಲಿನಂತೆ ಇರುತ್ತಿತ್ತು. ಇವತ್ತು ಇರುವೆಗಳು ದಿಕ್ಕಾಪಾಲು.

"ಏನೋ ಇದು, ಕಾಜಾನೋ, ಇಲಿ ಕಡಿದ ತೂತೋ?"

"ವಯಸ್ಸಾಯ್ತಲ್ಲಕ್ಕ."

"ನನಗಿಂತ ಚಿಕ್ಕವನು ನೀನು. ನಿನಗೇ ವಯಸ್ಸಾದ್ರೆ ನನ್ನನ್ನ ಮ್ಯೂಸಿಯಮ್ಮಲ್ಲಿ ಇಡ್ತಾರಾ? ಚಾಚು ಕೈ."

ಚಾಚಿದ. ಓಡುವ ಮಿಷನ್ನಿನ ಮೇಲಿಟ್ಟ ಸೂಜಿಡಬ್ಬಿಯಂತೆ ಬೆರಳುಗಳು ಅದುರುತ್ತಿದ್ದವು.

"ಯಾವಾಗಿಂದ?"

"ನೀನು ಬಿಪಿ ಮಾತ್ರೆ ಕೊಟ್ಟ ಮೇಲೆ ಅನ್ಸುತ್ತೆ. ತಲೆನೋವೂ ಇದೆ."

ಅಕ್ಕ ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಹೌದು, ಕೊಟ್ಟವಳು ಅವಳೇ. ಔಷಧಿ ಅಂಗಡಿಯಲ್ಲಿ ನೋಡಿಸಿದಾಗ ತಮ್ಮನ ಬಿಪಿ ಏರಿತ್ತು. ಅವಳಿಗೂ ಬಿಪಿ, ಅವಳ ಮಾತ್ರೆ ಅವಳಿಗೆ ಚೆನ್ನಾಗಿ ಒಗ್ಗಿತ್ತು. "ಕಿಡ್ನಿ ನನ್ನದು ತಾನೇ? ನನ್ನ ಮಾತ್ರೆ ಗುರುತು ಅದಕ್ಕಿರುತ್ತೆ. ಇಷ್ಟಕ್ಕೆ ಡಾಕ್ಟರ್ ಯಾಕೆ?" ಎಂದು ತನ್ನ ಮಾತ್ರೆಯ ಪಟ್ಟಿಯನ್ನೇ ಕತ್ತರಿಸಿ ಅರ್ಧ ಕೊಟ್ಟಿದ್ದಳು. ಕತ್ತರಿಸುವುದರಲ್ಲಿ ಅವಳ ಕೈ ಯಾವಾಗಲೂ ಮುಂದೆ.

"ಹೊರಡು ಆಸ್ಪತ್ರೆಗೆ."

"ಹೋಗೋಣ, ಆದ್ರೆ ನಿನ್ನ ಮಾತ್ರೆ ವಿಷಯ ಎತ್ಬೇಡ. ಕಿಡ್ನಿ ಡಾಕ್ಟರಮ್ಮ ನಿನ್ನ ಮಾನ ಹರಾಜು ಹಾಕ್ತಾರೆ."

ಅಂಗಡಿಯಲ್ಲಿ ಅಕ್ಕನದೊಂದು ಕಟ್ಟಪ್ಪಣೆಯಿತ್ತು: ಕತ್ತರಿ ತಪ್ಪಿದರೆ ಹೊಲಿದು ಮುಚ್ಚಬಾರದು, ಬಟ್ಟೆ ಉಳಿದಿರುವಾಗಲೇ ಗಿರಾಕಿಗೆ ಹೇಳಿಬಿಡಬೇಕು.

"ಗಿರಾಕಿಗೆ ಹೇಳೋಳು ಡಾಕ್ಟರಿಗೆ ಹೇಳಲ್ವಾ? ನನ್ನ ಮಾನ ಹರಿದ್ರೆ ನಾನೇ ಹೊಲ್ಕೋತೀನಿ, ನಡಿಯೋ."

ಡಾಕ್ಟರಮ್ಮನ ಮುಂದೆ ಎರಡೂ ಪಟ್ಟಿ ಇಟ್ಟಳು. "ಇದು ಅವನದು. ಇದು ನನ್ನದು, ನಾನೇ ಕೊಟ್ಟೆ. ಬೈಯೋದು ಮೊದಲು ಮುಗಿಸಿ, ಆಮೇಲೆ ಕಿಡ್ನಿ ನೋಡಿ."

ಡಾಕ್ಟರಮ್ಮ ಬೈಯಲಿಲ್ಲ. "ಬಚ್ಚಲಲ್ಲಿ ಕೊಳಾಯಿ ಸಣ್ಣಗೆ ಬಿಟ್ಟಿದ್ದೀರಿ. ನೀರು ಹೋಗೋ ಕಿಂಡಿಗೆ ಬಟ್ಟೆ ತುರುಕಿದ್ರೆ?"

"ನೀರು ನಿಲ್ಲುತ್ತೆ."

"ನಿಮ್ಮ ಮಾತ್ರೆ ಮಾಡಿದ್ದೂ ಅದೇ. ಇವರ ಮಾತ್ರೆ ಕರಗಿ ಹೊರಹೋಗೋ ದಾರಿಗೆ ಅಡ್ಡ ಕೂತಿದೆ. ನುಂಗಿದ್ದು ಮೊದಲಿನಷ್ಟೇ, ರಕ್ತದಲ್ಲಿ ನಿಂತಿದ್ದು ಜಾಸ್ತಿ. ಕಿಡ್ನಿ ಕಾಯೋ ಮಾತ್ರೆ ಅತಿಯಾದ್ರೆ ಕಿಡ್ನಿನೇ ತಿನ್ನುತ್ತೆ. ಕೈ ನಡುಗಿದ್ದೂ ಅದಕ್ಕೇ ಇರ್ಬೇಕು."

"ಹಾಗಾದ್ರೆ ಎರಡೂ ಬಿಟ್ಬಿಡ್ಲಾ?" ಎಂದ ತಮ್ಮ.

"ನೀವಾಗಿ ಏನೂ ಬಿಡ್ಬೇಡಿ, ನಿಮ್ಮಕ್ಕ ಏನೂ ಸೇರಿಸೋದು ಬೇಡ. ರಕ್ತ ಕೊಡಿ, ನೋಡಿ ಹೇಳ್ತೀನಿ."

ರಕ್ತಪರೀಕ್ಷೆಯ ವರದಿ ಬಂತು.

"ಕಿಡ್ನಿ ದಣಿದಿದೆ, ಕೆಟ್ಟಿಲ್ಲ," ಎಂದರು ಡಾಕ್ಟರಮ್ಮ. "ಮುಚ್ಚಿಟ್ಟಿದ್ರೆ ಈ ಮಾತು ಹೇಳೋಕಾಗ್ತಿರಲಿಲ್ಲ." ಅಕ್ಕನ ಮಾತ್ರೆ ನಿಂತಿತು. ಅವನಿಗೆ ಒಗ್ಗುವ ಬೇರೆ ಬಿಪಿ ಮಾತ್ರೆ ಬಂತು. ಅವನದೇ ಮಾತ್ರೆಯ ಅಳತೆಯನ್ನು ಮತ್ತೆ ಮತ್ತೆ ರಕ್ತ ನೋಡಿ ಸರಿಪಡಿಸಿದರು.

ನಡುಕ ಇಳಿದ ಮೇಲೆ ಅದೇ ಕೋಟನ್ನು ತಮ್ಮ ಮತ್ತೆ ಕೈಗೆತ್ತಿಕೊಂಡ. ಇರುವೆಗಳು ಸಾಲಿಗೆ ಮರಳಿದವು.

"ನಿನ್ನ ಕಿಡ್ನಿ ಈಗ ಚೆನ್ನಾಗಿದೆಯಂತೆ ಅಕ್ಕ."

"ಹೊಲಿದುಕೊಟ್ಟ ಕೋಟು ಯಾರದೋ?"

"ಗಿರಾಕಿದು."

"ಹಾಗೇ ಅದೂ. ನಿನ್ನದು, ನಿನ್ನ ಡಾಕ್ಟರ್ ಕೇಳಿ ನೋಡ್ಕೋ." ಅಕ್ಕ ಸೀಮೆಸುಣ್ಣ ಎತ್ತಿಕೊಂಡಳು. "ದಾರ ಹಲ್ಲಲ್ಲಿ ಕಚ್ಬೇಡ ಅಂದಿಲ್ವಾ? ತಗೋ ಕತ್ತರಿ."