ದಂತದ ಗೊಂಬೆಯ ಮೇಲೆ ಸೀಮೆಸುಣ್ಣ

ವೈದ್ಯಕೀಯ ಕಾಲೇಜಿನ ಸಂಗ್ರಹಾಲಯ ನೋಡಿಕೊಳ್ಳುವವನಿಗೆ ಐವತ್ತೆರಡು ವರ್ಷ, ಮೀಸೆ ಪೂರ್ತಿ ಬೆಳ್ಳಗಾಗಿದೆ. ಅಕ್ಕನ ಬಾಯಲ್ಲಿ ಮಾತ್ರ ಅವನಿನ್ನೂ ಪುಟ್ಟ. ಅಪ್ಪ ಅಮ್ಮ ಬೇಗ ತೀರಿಹೋದ ಮೇಲೆ ಹೊಲಿಗೆ ಯಂತ್ರ ತುಳಿದು ಅವನನ್ನು ಓದಿಸಿದವಳು ಅವಳೇ. ಇಂದಿಗೂ ಇಬ್ಬರದೂ ಒಂದೇ ಮನೆ. ತನ್ನ ಕಷ್ಟದ ವಿಷಯ ಬಂದರೆ ಅಕ್ಕ ತುಟಿ ಪಿಟಕ್ಕೆನ್ನುವುದಿಲ್ಲ. ಹಲ್ಲುನೋವಿನ ಸುದ್ದಿ ಕೂಡ ದವಡೆ ಊದಿಕೊಂಡ ಮೇಲೆಯೇ ಹೊರಬೀಳಬೇಕು.

ಪುಟ್ಟನ ಕೆಲಸವೋ, ಬಾಯಿಲ್ಲದ ವಸ್ತುಗಳ ನೋವು ಬರೆದಿಡುವುದು. ಕೈಕಾಲು ಕತ್ತರಿಸುತ್ತಿದ್ದ ಹಳೆಯ ಗರಗಸಗಳು, ಜಿಗಣೆ ಸಾಕುತ್ತಿದ್ದ ಗಾಜಿನ ಭರಣಿ, ಮುಂದಿನ ಹಜಾರದಲ್ಲಿ ಮುಖ ಗಂಟಿಕ್ಕಿಕೊಂಡು ಕೂತ ಇಪ್ಪತ್ತಮೂರು ಗಡ್ಡದ ವೈದ್ಯರ ತೈಲಚಿತ್ರಗಳು, ಎಲ್ಲವನ್ನೂ ಆರು ತಿಂಗಳಿಗೊಮ್ಮೆ ಭೂತಗನ್ನಡಿ ಹಿಡಿದು ನೋಡಬೇಕು. ಹೊಸ ಬಿರುಕು, ಹೊಸ ಕಲೆ ಕಂಡರೆ ಮೊದಲು ರಿಜಿಸ್ಟರಿನಲ್ಲಿ ಬರೆಯಬೇಕು, ಆಮೇಲಷ್ಟೇ ಒರೆಸಬೇಕು. ಕೈಗವಸಿಲ್ಲದೆ ಬರಿಗೈಯಲ್ಲಿ ಮುಟ್ಟುವುದಂತೂ ಮಹಾಪರಾಧ. ಒಮ್ಮೆ ಕಾಲೇಜಿನ ಅಧ್ಯಕ್ಷರ ಕೈಯಿಂದಲೇ ಗರಗಸ ಕಿತ್ತುಕೊಂಡ ಭೂಪ ಇವನು.

ಅಂದು ಸಂಗ್ರಹಾಲಯದ ಹಳೆಯ ಆನೆದಂತದ ಗೊಂಬೆಯೊಂದಕ್ಕೆ ಮೆತ್ತೆ ಹೊಲಿಯಬೇಕಿತ್ತು. ಅಳತೆಗೆಂದು ಅಕ್ಕ ಬಂದಳು. ಗೇಣುದ್ದದ ಹೆಣ್ಣು ಗೊಂಬೆ, ಮೈಮೇಲೆ ನೂಲೆಳೆಯಿಲ್ಲದೆ ಒರಗಿ ಮಲಗಿತ್ತು.

"ಇದಕ್ಕೆ ಮೆತ್ತೆ ಯಾಕೋ? ಮೊದಲು ಒಂದು ಅಂಗಿ ಹೊಲಿದುಕೊಡ್ತೀನಿ ತಾಳು" ಎಂದು ನಕ್ಕು, ನೀಲಿ ಸೀಮೆಸುಣ್ಣದಿಂದ ಬಟ್ಟೆಯ ಮೇಲೆ ಗೆರೆ ಎಳೆದಳು. "ಏನಕ್ಕೆ ಮಾಡಿದ್ದು ಇದನ್ನ?"

ಪುಟ್ಟ ರಿಜಿಸ್ಟರಿನಿಂದ ತಲೆಯೆತ್ತಲಿಲ್ಲ. "ಹಿಂದಿನ ಕಾಲದ ಹೆಂಗಸರಿಗೆ ವೈದ್ಯರ ಹತ್ರ ಬಾಯಿಬಿಟ್ಟು ಹೇಳೋಕೆ ನಾಚಿಕೆ. ಎಲ್ಲಿ ನೋವು ಅಂತ ಗೊಂಬೆ ಮೇಲೆ ಬೆರಳಿಟ್ಟು ತೋರಿಸ್ತಿದ್ರು."

ಅಕ್ಕ ಸೀಮೆಸುಣ್ಣ ಕೆಳಗಿಟ್ಟಳು. ಆಮೇಲೆ ಮೆಲ್ಲಗೆ, "ಹೀಗಾ, ಪುಟ್ಟ?" ಎಂದಳು.

ಪುಟ್ಟ ನೋಡಿದ. ಅಕ್ಕನ ಬರಿಬೆರಳು ಗೊಂಬೆಯ ಮೇಲಿತ್ತು.

"ಅಕ್ಕಾ, ಮುಟ್ಟಬೇಡ ಅಂತ ಎಷ್ಟು ಸಲ ಹೇಳೋದು ನಿನಗೆ?"

ಅವಳು ಕೈ ಹಿಂದೆಳೆದುಕೊಂಡಳು. "ಮರೆತೆ ಕಣೋ" ಎಂದು ಅಳತೆ ಪಟ್ಟಿ ಸುತ್ತಿಕೊಂಡು ಹೊರಟೇಬಿಟ್ಟಳು.

ಗೊಣಗುತ್ತಲೇ ಅವನು ಭೂತಗನ್ನಡಿ ಎತ್ತಿಕೊಂಡ. ಹತ್ತಿಯನ್ನೂ ಸಿದ್ಧವಾಗಿ ಪಕ್ಕದಲ್ಲಿಟ್ಟುಕೊಂಡ. ಮೊದಲು ಬರೆಯಬೇಕಲ್ಲ, ಬರೆದ: 'ಹೊಸ ಗುರುತು. ನೀಲಿ ಸೀಮೆಸುಣ್ಣ. ಎಡ ಸ್ತನ, ಕೆಳಭಾಗ.'

ಬರೆದದ್ದನ್ನು ಓದಿಕೊಂಡ. ಇನ್ನೊಮ್ಮೆ ಓದಿದ. ಕೆಲವು ವಾರಗಳಿಂದ ಅಕ್ಕ ಎಡಗೈ ಎತ್ತುವಾಗ ಮುಖ ಕಿವಿಚುತ್ತಿದ್ದಳು. ಬಟ್ಟೆ ಒಣಗಲು ಹಾಕುವ ಕೆಲಸವನ್ನು ಇವನ ತಲೆಗೆ ಕಟ್ಟಿದ್ದಳು. ಸೋಮಾರಿತನ ಬಂತು ನಿನಗೆ ಎಂದು ತಾನು ರೇಗಿಸಿದ್ದೂ ನೆನಪಾಗಿ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಅರವತ್ತು ದಾಟಿದ ಅಕ್ಕ ಜೀವಮಾನದಲ್ಲಿ ಒಮ್ಮೆ ಹೇಳಿಕೊಳ್ಳಲು ಬಂದರೆ, ಮುಟ್ಟಬೇಡ ಎಂದಿದ್ದ.

ಗೊಂಬೆಯನ್ನು ಎತ್ತಿಕೊಂಡು ಓಡಿದ. ಹಜಾರದಲ್ಲಿ, ಆ ಗಡ್ಡದವರ ಸಾಲಿನ ಕೆಳಗಿನ ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ಮನೆಗೆ ಹೋಗಲು ಕಾಲು ಬಂದಿರಲಿಲ್ಲ. ಅವನು ಪಕ್ಕದಲ್ಲಿ ಕೂತು ಗೊಂಬೆಯನ್ನು ಅವಳ ಕೈಗಿಟ್ಟ.

"ಇನ್ನೊಂದು ಸಲ ತೋರಿಸು."

"ಕೊಳೆಯಾಗುತ್ತೆ ಕಣೋ."

"ಆಗಲಿ."

ಬೆರಳು ಹುಡುಕಾಡದೆ ಅದೇ ಜಾಗಕ್ಕೆ ಹೋಯಿತು.

"ಎಷ್ಟು ದಿನ ಆಯ್ತು?"

"ಮೂರು ತಿಂಗಳು. ಗಂಟಾಗಿದೆ." ಅವಳು ಸೆರಗನ್ನು ಗೊಂಬೆಯ ಮೇಲೆ ಎಳೆದಳು. "ಯಾರ ಹತ್ರ ಹೇಳ್ಲಿ, ಪುಟ್ಟ?"

ಅವನಿಗೆ ಅಳು ಬಂತು, ತಡೆಯಲಿಲ್ಲ. ಮೇಲಿನ ಮಹಡಿಯಲ್ಲಿ ರೋಗಿಗಳನ್ನು ನೋಡುವ ಡಾಕ್ಟರಮ್ಮ ಇನ್ನೂ ಇದ್ದರು. ಕೈಗವಸು ಕಳಚಿ ಜೇಬಿಗೆ ತುರುಕಿ, ಅಕ್ಕನ ಕೈ ಹಿಡಿದು ಮೆಟ್ಟಿಲು ಹತ್ತಿಸಿದ. ಗೊಂಬೆ ಅವಳ ಇನ್ನೊಂದು ಕೈಯಲ್ಲೇ ಇತ್ತು. ಬಾಗಿಲ ಬಳಿ ಅಕ್ಕ ಅದನ್ನು ಅವನಿಗೆ ಹಿಂದಿರುಗಿಸಿದಳು.

"ಇಟ್ಕೋ. ನಾನೇ ಹೇಳ್ತೀನಿ" ಎಂದು ಒಳಗೆ ಹೋದಳು.