ನೂರಾ ನಲವತ್ತೊಂದು ವರ್ಷದ ಅತ್ತೆ

ಪ್ರಯೋಗಾಲಯದಲ್ಲಿ ಜೀವಕೋಶಗಳನ್ನು ಸಾಕುತ್ತಿದ್ದ ಅತ್ತೆಯನ್ನು ಕೆಲಸದಿಂದ ತೆಗೆದರು. ಅವಳ ಮೈಯ ಕೋಶಗಳಿಗೇ ವಯಸ್ಸಾಗಿದೆ ಎಂದು ಸೊಸೆಯ ಸಮೀಕರಣ ಹೇಳಿತ್ತು.

ಇಬ್ಬರದೂ ಒಂದೇ ಸಂಸ್ಥೆ. ಕೆಳಗೆ ಅತ್ತೆ ಗಾಜಿನ ತಟ್ಟೆಗಳಲ್ಲಿನ ಕೋಶಗಳಿಗೆ ಹೊತ್ತುಹೊತ್ತಿಗೆ ಆಹಾರ ಹಾಕುತ್ತಿದ್ದಳು. ಮಹಡಿಯಲ್ಲಿ ಸೊಸೆ ಅವು ಮುದಿಯಾಗುವ ಬಗೆಯನ್ನು ಗಣಿತಕ್ಕಿಳಿಸುತ್ತಿದ್ದಳು. ಕೋಶ ಒಡೆದು ಎರಡಾದಾಗಲೆಲ್ಲ ವರ್ಣತಂತುವಿನ ತುದಿ, ಅಂದರೆ ಟೆಲೊಮಿಯರ್, ಚೂರು ಸವೆಯುತ್ತದೆ. ತೀರಾ ಗಿಡ್ಡವಾದರೆ ಕೋಶ ಒಡೆಯುವುದನ್ನೇ ಬಿಡುತ್ತದೆ. ತುದಿಯ ಉದ್ದ ಕೊಟ್ಟರೆ ವಯಸ್ಸು ಹೇಳುವ ಗೆರೆಯೊಂದನ್ನು ಸೊಸೆ ಎಳೆದಿದ್ದಳು. "ಇದು ತಟ್ಟೆಗೆ ಮಾತ್ರ ಸರ್" ಎಂದೂ ಹೇಳಿದ್ದಳು. ಸಂಸ್ಥೆಯ ಸಾಹೇಬರು ಕೇಳಬೇಕಲ್ಲ! ಇಷ್ಟು ವರ್ಷ ಹೀರಿದ್ದು ಸಾಲದೆಂಬಂತೆ ನೌಕರರೆಲ್ಲರ ರಕ್ತ ತೆಗೆಸಿ ಆ ಗೆರೆಗೆ ಹಚ್ಚಿದರು. ಕೋಶಕ್ಕೆ ಅರವತ್ತು ದಾಟಿದವರು ಮನೆಗೆ ಎಂದರು. ಮೊದಲು ಹೋದವಳು ಅತ್ತೆ.

ಅಡುಗೆಮನೆಯಲ್ಲಿ ಸೊಸೆ ಮುಖ ಸಣ್ಣದು ಮಾಡಿಕೊಂಡು ನಿಂತಳು.

"ಅಳಬೇಡ ಕಣೇ. ಎಷ್ಟಂತೆ ನನಗೆ?"

"ನೂರಾ... ನಲವತ್ತೊಂದು, ಅತ್ತೆ."

ಐವತ್ತಾರರ ಅತ್ತೆ ಸೌಟು ಹಿಡಿದೇ ನೆಲಕ್ಕೆ ಕೂತಳು. "ಅಯ್ಯಯ್ಯೋ! ಹಾಗಾದ್ರೆ ನಮ್ಮಮ್ಮ ನನಗೆ ಮಗಳ ಲೆಕ್ಕ ಕಣೇ! ಬರ್ಲಿ ಮುದುಕಿ, ಇನ್ಮೇಲೆ ನಾನೇ ಗದರಿಸ್ತೀನಿ!"

ಸೊಸೆಗೂ ತಡೆಯಲಾಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಲು ಉಕ್ಕಿ ಒಲೆ ಆರಿದ್ದೂ ತಿಳಿಯಲಿಲ್ಲ.

"ಅಲ್ವೇ, ಹುಟ್ಟಿದಾಗಿಂದ ಗಿಡ್ಡಿ ಅನ್ನಿಸ್ಕೊಂಡವಳು ನಾನು. ನನ್ನ ತುದಿ ಮಾತ್ರ ಉದ್ದ ಇರುತ್ತೇನೇ?"

ಸೊಸೆಯ ನಗು ಗಕ್ಕನೆ ನಿಂತಿತು. ಹುಟ್ಟುವಾಗಲೇ ಒಬ್ಬೊಬ್ಬರ ತುದಿ ಒಂದೊಂದು ಉದ್ದ. ಅವಳ ಗೆರೆಯಲ್ಲೋ ಎಲ್ಲರದೂ ಒಂದೇ ಉದ್ದದಿಂದ ಶುರು, ಯಾಕೆಂದರೆ ತಟ್ಟೆಯ ಕೋಶಗಳೆಲ್ಲ ಒಬ್ಬರ ಚರ್ಮದವೇ.

"ಅತ್ತೆ, ತಟ್ಟೇಲಿರೋದು ಯಾರ ಚರ್ಮ?"

"ಸಾಹೇಬರದ್ದೇ! ತೋಳಿಂದ ಚೂರು ಕೊಟ್ಟು ಫೋಟೋ ಬೇರೆ ತೆಗೆಸ್ಕೊಂಡಿದ್ರಲ್ಲ!"

ಮತ್ತೆ ಶುರುವಾಯಿತು ನಗು.

ಮರುದಿನ ಸಂಸ್ಥೆಯ ಸಭೆಗೆ ಇಬ್ಬರೂ ಹೋದರು. ಗೋಡೆಯ ಮೇಲೆ ಸೊಸೆ ಗೆರೆ ಮೂಡಿಸಿದಳು. ಸುತ್ತ ಒಬ್ಬೊಬ್ಬ ನೌಕರರ ನಿಜವಾದ ವಯಸ್ಸಿಗೆ ಒಂದೊಂದು ಚುಕ್ಕಿ, ಚೆಲ್ಲಿದ ಸಾಸಿವೆಯಂತೆ.

"ಈ ಗೆರೆ ಸಾಹೇಬರ ಚರ್ಮದ್ದು. ಇವರ ಥರ ಹುಟ್ಟದೆ ಇರೋದೇ ನಮ್ಮೆಲ್ಲರ ತಪ್ಪು. ಅತ್ತೇನ ವಾಪಸ್ ತಗೊಳ್ಳಿ ಸರ್."

ಹಿಂದಿನ ಸಾಲಿನಲ್ಲಿ ಗುಮಾಸ್ತ ಕಿಸಕ್ಕೆಂದ. ಡ್ರೈವರ್ ಕೆಮ್ಮಿದಂತೆ ಮಾಡಿದ. ಆಮೇಲೆ ಇಡೀ ಕೋಣೆ ಭೋರ್ಗರೆಯಿತು.

"ಸದ್ದು!" ಸಾಹೇಬರು ಮೇಜು ಗುದ್ದಿದರು. "ನೋಡಮ್ಮ, ದೂರ ಬಿದ್ದಿರೋ ಆ ಒಂದು ಚುಕ್ಕಿ ಅಳಿಸು, ಗೆರೆ ಸರಿಹೋಗುತ್ತೆ. ಇಲ್ಲಾಂದ್ರೆ ನೀನೂ ಮನೆಗೆ."

"ಅದು ನಮ್ಮತ್ತೆ ಸರ್. ಅಳಿಸಲ್ಲ."

ಸಾಹೇಬರು ಅತ್ತೆಯತ್ತ ತಿರುಗಿದರು. "ನೀವು ಮೊದಲು ಎದ್ದು ಆಚೆ ನಡೀರಿ!"

ಅತ್ತೆ ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಸರಿದು ಆರಾಮಾಗಿ ಕೂತಳು.

"ನೂರಾ ನಲವತ್ತೊಂದಪ್ಪಾ ನನಗೆ. ಏಳಲ್ಲ."