ಉಳಿದ ಸೀಟು: ಸೊನ್ನೆ

ಬಸ್ಸು ಬರುವ ಮೊದಲೇ ಅದರ ಹಣೆಬರಹ ಸ್ಟಾಪಿನ ಪರದೆಯ ಮೇಲೆ ಬಂದಿರುತ್ತಿತ್ತು. ಇನ್ನು ನಾಲ್ಕು ನಿಮಿಷ, ಉಳಿದ ಸೀಟು ಎರಡು. ಆ ಪರದೆಯ ಮುಂದೆ ಇಪ್ಪತ್ತಾರು ಜನ ಸಾಲಾಗಿ ನಿಂತು ಎದುರಿಗಿದ್ದ ಬೆನ್ನನ್ನು ದ್ವೇಷಿಸುತ್ತಿದ್ದರು. ಹೆದ್ದಾರಿ ಹಿಡಿಯುವ ಬಸ್ಸಿನಲ್ಲಿ ನಿಂತು ಹೋಗುವಂತಿಲ್ಲ, ಹಾಗಾಗಿ ಎರಡು ಸೀಟು ಎಂದರೆ ಇಬ್ಬರೇ. ಮಿಕ್ಕವರು ಮುಂದಿನ ಬಸ್ಸಿಗೆ, ಅದರಲ್ಲೂ ಸೊನ್ನೆ ಇದ್ದರೆ ಅದರ ಮುಂದಿನದಕ್ಕೆ ಕಾಯಬೇಕು. ಏಳನೇ ಬ್ಲಾಕಿನ ಸ್ಟಾಪು ಹೆದ್ದಾರಿಗೆ ಮುಂಚಿನ ಕೊನೆಯದು. ಮೇಲಿನ ಆರು ಬ್ಲಾಕಿನವರು ಉಂಡು ಮಿಕ್ಕಿದ್ದು ಇವರ ಪಾಲಿಗೆ.

ಮಿರಾನ್ ಆ ಸಾಲಿನಲ್ಲಿ ಎರಡು ವರ್ಷದಿಂದ ನಿಂತವಳು. ಸಿಯೋಲಿನ ಗಂಗ್ನಮ್‌ನಲ್ಲಿ ಶ್ರವಣಯಂತ್ರ ಮಾರುವ ಕಂಪನಿಯಲ್ಲಿ ಫೋನೆತ್ತುವ ಕೆಲಸ. ಯಂತ್ರ ಕೆಟ್ಟವರು ಬಾಯಿಗೆ ಬಂದಂತೆ ಬೈಯುತ್ತಾರೆ, ಇವಳು ಸಂಜೆಯವರೆಗೆ ಕ್ಷಮೆ ಕೇಳುತ್ತಾಳೆ. ಕರಾರಿನ ನೌಕರಿ, ವರ್ಷಕ್ಕೊಮ್ಮೆ ಹೊಸದಾಗಬೇಕು. ನವೆಂಬರಿನಲ್ಲಿ ನಾಲ್ಕು ಸಲ ತಡವಾಗಿ ಹೋದ ಮೇಲೆ ಮೇಲಧಿಕಾರಿ ಗ್ವಾಕ್ ಅವಳನ್ನು ಎಲ್ಲರ ಎದುರೇ ನಿಲ್ಲಿಸಿಕೊಂಡಿದ್ದ.

"ಇನ್ನೊಂದೇ ಒಂದು ಸಲ ಒಂಬತ್ತು ದಾಟಲಿ, ಜನವರಿ ಕರಾರಲ್ಲಿ ನಿಮ್ಮ ಹೆಸರಿರಲ್ಲ. ಬಸ್ಸಿನ ಕತೆ ನನಗೆ ಬೇಡ."

ಬಸ್ಸು ಬಿಟ್ಟರೆ ಬೇರೆ ದಾರಿ ಏನಿತ್ತು? ಕಾರನ್ನು ಮನೆ ಕೊಳ್ಳುವಾಗಲೇ ಮಾರಿಯಾಗಿತ್ತು. ರೈಲೆಂದರೆ ಮೊದಲು ಮಿನಿಬಸ್ಸು, ಆಮೇಲೆ ಎರಡು ಕಡೆ ಬದಲಿ, ಒಟ್ಟು ಒಂದು ಮುಕ್ಕಾಲು ಗಂಟೆ. ಅದನ್ನೂ ಒಂದು ವಾರ ನೋಡಿದ್ದಳು. ಬದಲಿ ನಿಲ್ದಾಣದ ಮೆಟ್ಟಿಲಿನಲ್ಲಿ ಜನ ಅವಳನ್ನು ಕಾಲು ನೆಲಕ್ಕೆ ತಾಗದಂತೆ ಹೊತ್ತುಕೊಂಡು ಹೋಗಿ ಬೇರೆ ರೈಲಿಗೆ ತುಂಬಿದ್ದರು. ಲೆಕ್ಕವಿಭಾಗದವನೊಬ್ಬ ತನ್ನ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆಂದ. ದಾರಿಯುದ್ದಕ್ಕೂ ತಾನು ಮಾರುವ ಜಿನ್ಸೆಂಗ್ ಬೇರಿನ ಸಾರದ ಮಹಿಮೆ ಕೊರೆದ. ಮೂರನೇ ದಿನ ಅವಳು ಎರಡು ಡಬ್ಬಿ ಸಾರ ಹಿಡಿದುಕೊಂಡು ಇಳಿದಳು, ಮತ್ತೆ ಹತ್ತಲಿಲ್ಲ. ಗಂಡ ಮಾತ್ರ ಪುಣ್ಯವಂತ. ಊರೊಳಗಿನ ಕಾರ್ಖಾನೆಗೆ ಸೈಕಲ್ಲಿನಲ್ಲಿ ಎಂಟು ನಿಮಿಷ, ಹೋಗುತ್ತಾ ಮಗಳು ಹಾರಮ್‌ಳನ್ನು ಶಿಶುವಿಹಾರಕ್ಕೂ ಬಿಡುತ್ತಾನೆ. ಇನ್ನೂ ಸ್ವಲ್ಪ ಬೇಗ ಹೊರಡಬಾರದಾ ಎಂದು ಅವನು ಹೊದಿಕೆಯೊಳಗಿಂದ ಸಲಹೆ ಕೊಟ್ಟ ದಿನ ಮಿರಾನ್‌ಗೆ ಆ ಹೊದಿಕೆಯನ್ನು ಕಿತ್ತು ಬಾಲ್ಕನಿಯಿಂದ ಎಸೆಯಬೇಕೆನಿಸಿತು.

ಸಾಲಿಗೆ ಒಬ್ಬಳು ಯಜಮಾನಿ ಇದ್ದಳು, ಜಿನ್‌ಸುಕ್. ಐವತ್ತಾರು ವರ್ಷ, ದೊಡ್ಡ ಮಳಿಗೆಯೊಂದರ ನೆಲಮಾಳಿಗೆಯಲ್ಲಿ ಬಟ್ಟೆ ಆಲ್ಟ್ರೇಷನ್ ಮಾಡುವವಳು. ಬಸ್ಸಿನ ಬಾಗಿಲು ಎಲ್ಲಿ ತೆರೆಯುತ್ತದೆ, ಸಾಲು ಯಾವ ಮರದ ಬಳಿ ತಿರುಗಬೇಕು, ಎಲ್ಲ ಅವಳದೇ ಕಾನೂನು. ನಡುವೆ ನುಸುಳಿದವರ ಏಳು ತಲೆಮಾರು ಜಾಲಾಡುತ್ತಿದ್ದಳು. ಮಿರಾನ್ ಹೊಸಬಳಾಗಿದ್ದಾಗ ಅವಳನ್ನು ತೋಳು ಹಿಡಿದು ತನ್ನ ಹಿಂದೆ ನಿಲ್ಲಿಸಿಕೊಂಡವಳೂ ಅವಳೇ. ಮಿರಾನ್ ಅವಳನ್ನು ಅಕ್ಕ ಎನ್ನುತ್ತಿದ್ದಳು.

ಡಿಸೆಂಬರಿನ ಮೊದಲ ವಾರದಲ್ಲಿ ಮಿರಾನ್ ಒಂದು ಸಂಗತಿ ಕಂಡಳು. ದಿನಾ ತನ್ನ ಹಿಂದೆ ನಿಲ್ಲುತ್ತಿದ್ದ, ಕಿವಿಗೆ ಇಯರ್‌ಫೋನ್ ಹಾಕಿದ ಹುಡುಗಿ ಸಾಲು ಬಿಟ್ಟು ರಸ್ತೆ ದಾಟಿ, ಬಸ್ಸುಗಳು ಹೊರಡುವ ಡಿಪೋ ಕಡೆಗೆ ವಾಪಸು ಹೋಗುವ ಖಾಲಿ ಬಸ್ಸು ಹತ್ತಿದಳು. ಇಪ್ಪತ್ತು ನಿಮಿಷದ ಮೇಲೆ ಸೊನ್ನೆ ಸೀಟಿನ ಬಸ್ಸೊಂದು ನಿಲ್ಲದೆ ಹೋದಾಗ ಕಿಟಕಿಯಲ್ಲಿ ಅವಳೇ ಕೂತಿದ್ದಳು, ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಾ. ಮಿರಾನ್‌ಗೆ ಮೈಯೆಲ್ಲ ಉರಿಯಿತು. ಮಾರನೇ ದಿನ ಅವಳೂ ಅರ್ಧ ಗಂಟೆ ಮುಂಚೆ ಎದ್ದು, ಯಾರಿಗೂ ಹೇಳದೆ, ಐದನೇ ಬ್ಲಾಕಿಗೆ ಹೋದಳು.

ಐದನೇ ಬ್ಲಾಕಿನವರು ಅವಳನ್ನು ಮೇಲಿಂದ ಕೆಳಗೆ ನೋಡಿದರು. ನಾಯಿ ಹಿಡಿದುಕೊಂಡು ಅಡ್ಡಾಡುತ್ತಿದ್ದ ಮುದುಕನೊಬ್ಬ, ಬಸ್ಸಿಗೆ ಸಂಬಂಧವೇ ಇಲ್ಲದವನು, ನೀವು ಕೆಳಗಿನ ಬ್ಲಾಕಿನವರಲ್ಲವಾ, ನಿಮ್ಮಲ್ಲಿ ಸ್ಟಾಪಿಲ್ಲವಾ ಎಂದು ವಿಚಾರಿಸಿದ. ಅವಳು ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದಳು. ಸೀಟು ಸಿಕ್ಕಿತು. ಕಿಟಕಿಯ ಪಕ್ಕದ್ದು, ಕಾಲಡಿ ಬಿಸಿಗಾಳಿ ಬರುವಂಥದ್ದು. ಬಸ್ಸು ಏಳನೇ ಬ್ಲಾಕಿನ ಮುಂದೆ ನಿಧಾನವಾಗಿ ಹಾಯುವಾಗ ಸಾಲಿನ ತುದಿಯಲ್ಲಿದ್ದ ಜಿನ್‌ಸುಕ್ ತಲೆ ಎತ್ತಿದಳು. ಇಬ್ಬರ ಕಣ್ಣೂ ಕೂಡಿತು. ಮಿರಾನ್ ಫೋನಿನಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದಳು.

ಮಾರನೇ ಬೆಳಿಗ್ಗೆ ಐದನೇ ಬ್ಲಾಕಿನಲ್ಲಿ ಜಿನ್‌ಸುಕ್ ಅವಳಿಗಿಂತ ಮುಂದೆ ನಿಂತಿದ್ದಳು.

"ಏನು ಹಾರಮ್ ಅಮ್ಮ, ಮನೆ ಬದಲಾಯಿಸಿದ್ಯಾ?" ಎಂದು ಊರಿಗೆಲ್ಲ ಕೇಳುವಂತೆ ಹೇಳಿದಳು. "ಗೃಹಪ್ರವೇಶಕ್ಕೆ ಕರೀಲೇ ಇಲ್ವಲ್ಲ."

ಮಿರಾನ್ ಏನೋ ತೊದಲಿದಳು. ಜಿನ್‌ಸುಕ್ ಬೆನ್ನು ತಿರುಗಿಸಿದಳು. ಅಲ್ಲಿಂದಾಚೆ ಅವರಿಬ್ಬರ ನಡುವೆ ಮಾತಿಲ್ಲ.

ಗುಟ್ಟು ಒಡೆದ ಮೇಲೆ ಉಳಿಯುತ್ತದೆಯೇ. ವಾರದೊಳಗೆ ಏಳನೇ ಬ್ಲಾಕಿನ ಅರ್ಧ ಸಾಲು ಐದನೇ ಬ್ಲಾಕಿಗೆ ಬಂದು ನಿಂತಿತು. ಐದನೇ ಬ್ಲಾಕಿನವರು ಬೈದುಕೊಂಡು ಮೂರನೆಯದಕ್ಕೆ ಹೋದರು. ಇವರು ಅವರ ಬೆನ್ನು ಹಿಡಿದು ಅಲ್ಲಿಗೂ ಹೋದರು. ಮೂರನೇ ಬ್ಲಾಕಿನವರು ಕಂಬಕ್ಕೆ ಕಾಗದ ಅಂಟಿಸಿದರು: ಈ ಸ್ಟಾಪು ಈ ಬ್ಲಾಕಿನ ನಿವಾಸಿಗಳಿಗೆ, ದಯವಿಟ್ಟು ಆತ್ಮಸಾಕ್ಷಿಯಿಂದ ವರ್ತಿಸಿ. ಅದರ ಕೆಳಗೆ ಯಾರೋ ಪೆನ್ನಿನಲ್ಲಿ, ರಸ್ತೆ ನಿಮ್ಮಪ್ಪನದಾ ಎಂದು ಬರೆದರು. ಡಿಸೆಂಬರು ಮುಗಿಯುವ ಹೊತ್ತಿಗೆ ಎಲ್ಲರೂ ಡಿಪೋದಲ್ಲಿದ್ದರು. ಅವೇ ಮುಖ, ಅದೇ ಸಿಡುಕು, ಹೆಚ್ಚುಕಡಿಮೆ ಅದೇ ಸಾಲು. ಒಂದು ಗಂಟೆ ಮುಂಚೆ ಬಂದದ್ದೊಂದೇ ಲಾಭ. ಮಿರಾನ್ ಈಗ ಮಗಳು ಏಳುವ ಮೊದಲೇ ಮನೆ ಬಿಡುತ್ತಿದ್ದಳು. ಅಮ್ಮ ಬೆಳಿಗ್ಗೆ ಇರುವುದಿಲ್ಲ ಎಂಬುದು ಹಾರಮ್‌ಗೆ ಎಷ್ಟು ರೂಢಿಯಾಯಿತೆಂದರೆ ಭಾನುವಾರ ಎದ್ದು ಅಮ್ಮನನ್ನು ಕಂಡು, ಇವತ್ತು ಬಸ್ಸಿಲ್ಲವಾ ಎಂದು ಕೇಳಿದಳು.

ಆದರೂ ಆ ತಿಂಗಳು ಮಿರಾನ್ ಒಂದು ದಿನವೂ ತಡಮಾಡಲಿಲ್ಲ. ಇನ್ನು ಮೂರು ದಿನ ದಾಟಿದರೆ ಕರಾರು. ಆಗ ಹಿಮ ಬಿತ್ತು.

ರಾತ್ರಿಯಿಡೀ ಬಿದ್ದು ಬೆಳಿಗ್ಗೆಯೂ ಬೀಳುತ್ತಿತ್ತು. ಮೊದಲ ಎರಡು ಬಸ್ಸು ರದ್ದು ಎಂದು ಡಿಪೋದವನು ಬಂದು ಹೇಳಿದ, ಯಾರೂ ಬಾಯಿ ತೆರೆಯುವ ಮೊದಲೇ ಒಳಗೆ ಓಡಿ ಬಾಗಿಲು ಹಾಕಿಕೊಂಡ. ಮೂರು ಬಸ್ಸಿನ ಜನ ಒಂದೇ ಸಾಲಿನಲ್ಲಿ ಒಂದು ಗಂಟೆ ನಿಂತರು. ಜಿನ್‌ಸುಕ್‌ಳ ಹಿಂದೆಯೇ ಮಿರಾನ್. ಮುಂದಿದ್ದವರನ್ನು ಅವಳು ಎಣಿಸಿದಳು, ಮತ್ತೆ ಎಣಿಸಿದಳು. ಬಸ್ಸಿನ ಸೀಟು ನಲವತ್ತೊಂದು. ಜಿನ್‌ಸುಕ್ ನಲವತ್ತೊಂದನೆಯವಳು, ತಾನು ನಲವತ್ತೆರಡು. ಯಾರಾದರೂ ಸತ್ತು ಬೀಳಬಾರದಾ ಎಂದು ಅವಳು ಯೋಚಿಸಿದ್ದು ನಿಜ. ಯಾರು ಎಂದು ಹೆಸರಿಸಲಿಲ್ಲ, ಅಷ್ಟೇ.

ಆಗ ಜಿನ್‌ಸುಕ್ ತಿರುಗಿದಳು. ಮೂರು ವಾರದಲ್ಲಿ ಮೊದಲ ಮಾತು. ಆ ಚಳಿಯಲ್ಲಿ ಒಂದು ಗಂಟೆ ನಿಂತ ಐವತ್ತಾರರ ಹೆಂಗಸಿಗೆ ಹಟಕ್ಕಿಂತ ಶೌಚಾಲಯ ದೊಡ್ಡದು.

"ಎರಡೇ ನಿಮಿಷ. ನನ್ನ ಜಾಗ ನೋಡ್ಕೋ."

"ಹ್ಞೂಂ ಅಕ್ಕ, ಹೋಗಿ ಬನ್ನಿ."

ಜಿನ್‌ಸುಕ್ ತನ್ನ ಚೀಲವನ್ನು ನೆಲದ ಮೇಲೆ, ತಾನು ನಿಂತಿದ್ದ ಜಾಗದಲ್ಲೇ ಇಟ್ಟು, ಜಾರುವ ನೆಲದ ಮೇಲೆ ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಾ ಡಿಪೋದ ಹಿಂಭಾಗಕ್ಕೆ ಹೋದಳು. ಅವಳು ಗೋಡೆಯ ಮರೆಗೆ ಸರಿದಿದ್ದಳಷ್ಟೇ, ಬಸ್ಸು ಬಂದು ನಿಂತಿತು. ಸಾಲು ಹತ್ತತೊಡಗಿತು. ಮಿರಾನ್ ಗೋಡೆಯ ಕಡೆ ನೋಡಿದಳು, ಬಸ್ಸಿನ ಕಡೆ ನೋಡಿದಳು. ಚೀಲವನ್ನು ಕಾಲಿನಿಂದ ಮುಂದೆ ಮುಂದೆ ತಳ್ಳುತ್ತಾ ಬಾಗಿಲಿನವರೆಗೆ ಬಂದಳು. ಚಾಲಕ ಒಂದು ಬೆರಳು ಎತ್ತಿದ.

"ಇನ್ನು ಒಬ್ರೇ. ಹತ್ತೀರಾ, ಇಲ್ವಾ?"

ನನ್ನ ಮುಂದೆ ಒಬ್ಬರಿದ್ದಾರೆ, ಎರಡು ನಿಮಿಷ ತಡೆಯಿರಿ. ಹೇಳಬೇಕಾದ ಮಾತು ಇಷ್ಟೇ. ಬಾಯಿಯವರೆಗೆ ಬಂದಿತ್ತು ಕೂಡ. ಹಿಂದಿನವನು, ಕಂದು ಮಫ್ಲರಿನ ಒಬ್ಬ ಗಂಡಸು, ನೀವು ಹತ್ತದಿದ್ದರೆ ಪಕ್ಕಕ್ಕೆ ಸರಿಯಿರಿ ಎಂದ. ಮಿರಾನ್ ಚೀಲವನ್ನು ದಾಟಿ ಮೆಟ್ಟಿಲು ಹತ್ತಿದಳು.

ಬಾಗಿಲು ಮುಚ್ಚಿಕೊಂಡಾಗ ಜಿನ್‌ಸುಕ್ ಗೋಡೆಯ ಮರೆಯಿಂದ ಬರುತ್ತಿದ್ದಳು. ಓಡಲು ಹೋಗಿ ಜಾರಿದಳು, ಸಾವರಿಸಿಕೊಂಡಳು. ಬಸ್ಸಿನ ಪಕ್ಕಕ್ಕೆ ಅಂಗೈಯಿಂದ ಎರಡು ಸಲ ಬಡಿದಳು. ಮಿರಾನ್ ಕಣ್ಣು ಮುಚ್ಚಿ ಗಂಗ್ನಮ್ ಬರುವವರೆಗೂ ನಿದ್ದೆ ಬಂದವಳಂತೆ ನಟಿಸಿದಳು. ಆಫೀಸಿನಲ್ಲಿ ಹಾಜರಿ ಒತ್ತಿದಾಗ ಎಂಟು ಐವತ್ತೆರಡು. ಈ ಹಿಮದಲ್ಲೂ ಬಂದಿರಲ್ಲ ಎಂದು ಗ್ವಾಕ್ ಅವಳನ್ನು ಎಲ್ಲರ ಎದುರೇ ಹೊಗಳಿದ.

ಜನವರಿ ಎರಡಕ್ಕೆ ಕರಾರಿಗೆ ಸಹಿ ಬಿತ್ತು. ಇನ್ನೊಂದು ವರ್ಷ ನೌಕರಿ ಗಟ್ಟಿ. ಇನ್ನೊಂದು ವರ್ಷ ಇದೇ ಬಸ್ಸು.

ಜಿನ್‌ಸುಕ್ ಮಾತ್ರ ಹಿಮ ಬಿದ್ದ ಮರುದಿನವೂ ಡಿಪೋಗೆ ಬಂದಿರಲಿಲ್ಲ, ಅದರ ಮರುದಿನವೂ ಬಂದಿರಲಿಲ್ಲ. ಮಿರಾನ್ ಕ್ಷಮೆಯ ಮಾತುಗಳನ್ನು ಮನಸ್ಸಿನಲ್ಲೇ ಕಟ್ಟಿಕೊಂಡು ಬರುತ್ತಿದ್ದಳು. ಕ್ಷಮೆ ಕೇಳುವುದೇ ಉದ್ಯೋಗವಾದ್ದರಿಂದ ಮಾತಿಗೇನೂ ಕೊರತೆಯಿರಲಿಲ್ಲ. ಚಾಲಕ ಕಾಯಲಿಲ್ಲ ಅಕ್ಕ, ಹಿಂದಿನವರು ತಳ್ಳಿದರು ಅಕ್ಕ, ನನ್ನ ಕೆಲಸ ಹೋಗುತ್ತಿತ್ತು ಅಕ್ಕ. ಕೊನೆಯದೊಂದು ನಿಜ, ಅದನ್ನೇ ಹೇಳಬೇಕೆಂದು ತೀರ್ಮಾನಿಸಿದಳು. ಜಿನ್‌ಸುಕ್‌ಗೂ ಒಂದು ಕೆಲಸವಿತ್ತು ಎಂಬುದು ಆ ತೀರ್ಮಾನದಲ್ಲಿ ಎಲ್ಲೂ ಬರಲಿಲ್ಲ.

ಸಹಿಯಾದ ಮರುದಿನ ಬೆಳಿಗ್ಗೆ ಸುದ್ದಿ ಹೇಳಿದವನು, ಡಿಪೋದ ಸಾಲಿನಲ್ಲಿ ಅವಳ ಹಿಂದೆಯೇ ನಿಂತಿದ್ದ ಆ ಕಂದು ಮಫ್ಲರಿನವನೇ. ಅವನ ಹೆಂಡತಿಗೆ ಜಿನ್‌ಸುಕ್ ಪರಿಚಯವಂತೆ. ಹಿಮದ ದಿನ ಅವಳು ಮಳಿಗೆ ಮುಟ್ಟಿದಾಗ ಹನ್ನೊಂದಾಗಿತ್ತು. ಅಂದೇ ಮಗನ ಮದುವೆಗೆ ಹೊರಟಿದ್ದ ಗಿರಾಕಿಯೊಬ್ಬಳು ರೇಷ್ಮೆ ಉಡುಪಿಗಾಗಿ ಒಂದೂವರೆ ಗಂಟೆ ಕಾದು, ಕೂಗಾಡಿ, ಅಂಚು ಹೊಲಿಯದ ಉಡುಪನ್ನೇ ಎತ್ತಿಕೊಂಡು ಹೋಗಿದ್ದಳು. ನಾಳೆಯಿಂದ ಬರಬೇಡಿ ಎಂದರಂತೆ. ಹದಿನಾಲ್ಕು ವರ್ಷ ಕೆಲಸ ಮಾಡಿದ್ದಳಂತೆ. ಈ ವಯಸ್ಸಿನಲ್ಲಿ ಇನ್ನು ಯಾರು ಕೊಡುತ್ತಾರೆ ಕೆಲಸ, ಎಂದು ಅವನು ಲೊಚಗುಟ್ಟಿದ.

ಮಿರಾನ್‌ಗೆ ಮೊದಲು ಆದದ್ದು ಸಂತೋಷ. ಸಾಲಿನಲ್ಲಿ ಒಬ್ಬಳು ಕಡಿಮೆಯಾದಳು, ಇನ್ನು ಮೇಲೆ ತಾನು ಒಂದು ಜಾಗ ಮುಂದೆ. ಅದು ಪಕ್ಕನೆ ಬಂತು, ಹಸಿದವರಿಗೆ ಅನ್ನದ ವಾಸನೆ ಬಂದ ಹಾಗೆ, ತಡೆಯಲು ಸಮಯವೇ ಕೊಡದೆ. ನಾಚಿಕೆ ಆಮೇಲೆ ಬಂತು. ಬರಲು ಎಷ್ಟು ತಡವಾಯಿತೆಂಬುದು ಅವಳಿಗೆ ಗೊತ್ತಾಯಿತು. ಅಯ್ಯೋ ಪಾಪ ಎಂದಳು. ಹೇಳಿದ ರೀತಿ ಅವಳಿಗೇ ಸರಿಬರಲಿಲ್ಲ.

ಚಳಿಗೆ ಕೆಮ್ಮು ಬಂತು. ಎರಡು ದಿನದಿಂದ ಇತ್ತು, ಇವತ್ತು ಜಾಸ್ತಿಯಾಗಿತ್ತು. ಬಾಗಿ ಕೆಮ್ಮಿ, ಕಣ್ಣೊರೆಸಿಕೊಂಡು ತಲೆ ಎತ್ತಿದಾಗ ಮಫ್ಲರಿನವನು ಅವಳನ್ನೇ ನೋಡುತ್ತಿದ್ದ.

"ತುಂಬಾ ಇದೆಯಲ್ಲ ಕೆಮ್ಮು," ಎಂದ ಅವನು, ಬಹಳ ಕಾಳಜಿಯಿಂದ. "ಒಂದು ವಾರ ರಜೆ ಹಾಕಿ ಮನೇಲಿ ಮಲಗಬಾರ್ದಾ?"